ಆ ಫೋಟೋದ ಕೆಳಗೆ ನಾಲ್ಕು ಸಾಲು ಟೈಪ್ ಮಾಡಿ

ಶಿವಮೊಗ್ಗ ಜಿಲ್ಲೆಯಲ್ಲಿ ಜನರಿಗಾಗಿ ಆದೇಶ, ಸೂಚನೆ, ಫಾರಂ, ಬೋರ್ಡು ಬರೆಯುವ ಎಲ್ಲರಿಗೂ. ಅಧಿಕಾರಿಗಳಿಗೆ, ಬ್ಯಾಂಕಿನವರಿಗೆ, ಬಸ್ ಮಾಲೀಕರಿಗೆ, ಸೊಸೈಟಿ ಕಾರ್ಯದರ್ಶಿಗಳಿಗೆ, ವಾಟ್ಸಾಪ್ ಗ್ರೂಪ್ ನಡೆಸುವವರಿಗೆ.

ನಮಸ್ಕಾರ.

ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ತೀರ್ಥಹಳ್ಳಿ ಕಡೆಯ ನಮ್ಮ ಊರಲ್ಲಿ ರಾತ್ರಿಯಿಡೀ ಹೊಡೆದ ಮಳೆ ಇನ್ನೂ ನಿಂತಿರಲಿಲ್ಲ. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಮನೆಯವರು ಕೆಲಸದ ಮೇಲೆ ಹಿಂದಿನ ದಿನವೇ ಶಿವಮೊಗ್ಗಕ್ಕೆ ಹೋಗಿ ಅಲ್ಲೇ ಉಳಿದಿದ್ದರು. ಆರೂವರೆಗೆ ಮಗಳ ಶಾಲೆಯ ಗ್ರೂಪಿಗೆ ಒಂದು ಮೆಸೇಜ್ ಬಂತು. ನನ್ನ ಫೋನ್ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತದೆ. ಅವತ್ತು ಅದು ಹೇಳಿದ್ದು ಒಂದೇ ಮಾತು: "ಫೋಟೋ".

ತೆರೆದೆ. ಯಾವುದೋ ಆದೇಶದ ಕಾಗದ ಅನ್ನುವಷ್ಟು ಗೊತ್ತಾಯಿತು. ಮೇಲೆ ಲಾಂಛನದ ಗುಂಡು, ಕೆಳಗೆ ನೀಲಿ ಸಹಿ. ಸಾಲುಗಳು ಓರೆಯಾಗಿದ್ದವು. ಫೋಟೋ ತೆಗೆದವರ ನೆರಳು ಅರ್ಧ ಹಾಳೆಯ ಮೇಲೆ ಬಿದ್ದಿತ್ತು. ಎರಡು ಬೆರಳಿಂದ ಹಿಗ್ಗಿಸಿದೆ. ಹಿಗ್ಗಿಸಿದಷ್ಟೂ ಅಕ್ಷರ ನೀರಲ್ಲಿ ನೆಂದ ಹಾಗೆ ಹರಡಿಕೊಂಡಿತು. ಫೋಟೋದಲ್ಲಿರುವ ಅಕ್ಷರವನ್ನು ಓದಿ ಹೇಳುವ ಆಪ್ ನನ್ನ ಹತ್ತಿರ ಇದೆ. ಆದರೆ ಕನ್ನಡ ಓದಲು ಅದಕ್ಕೆ ನೆಟ್ ಬೇಕು. ಸಿಗ್ನಲ್ ಒಂದು ಕಡ್ಡಿ ಬರುತ್ತಿತ್ತು, ಹೋಗುತ್ತಿತ್ತು. ಮನೆಯವರಿಗೆ ಫೋನ್ ಹಚ್ಚಿದೆ, ತಾಗಲಿಲ್ಲ. ನಮ್ಮದು ಒಂಟಿ ಮನೆ. ಪಕ್ಕದ ಮನೆ ಅಂದರೆ ಹಳ್ಳದ ಆಚೆ, ಸಂಕದ ಮೇಲೆ ನೀರು ಹರಿಯುತ್ತಿತ್ತು. ಮಗಳು ಒಂದನೇ ತರಗತಿ. ಅವಳಿಗೆ ಇನ್ನೂ ಒತ್ತಕ್ಷರ ಕೂಡಿಸಿ ಓದಲು ಬರುವುದಿಲ್ಲ.

ರಜೆ ಇರಬಹುದು ಅನ್ನಿಸಿತು. ಆದರೆ ಯಾವ ತಾಲ್ಲೂಕಿಗೆ? ಅಂಗನವಾಡಿಗೆ ಮಾತ್ರವಾ, ಶಾಲೆಗೂ ಇದೆಯಾ? ಹಿಂದಿನ ವಾರ ಹೀಗೇ ಊಹೆ ಮಾಡಿ ಅವಳನ್ನು ಮನೆಯಲ್ಲಿ ಉಳಿಸಿಕೊಂಡಿದ್ದೆ. ಆಮೇಲೆ ನೋಡಿದರೆ ಅದು ಸಮವಸ್ತ್ರದ ಅಳತೆ ಕೊಡುವ ಸೂಚನೆಯಾಗಿತ್ತು. ಅದಕ್ಕೇ ಈ ಸಲ ಹೊರಡಿಸಿದೆ. ಒಂದೂವರೆ ಕಿಲೋಮೀಟರ್, ಒಂದೇ ಛತ್ರಿ. ರಸ್ತೆಯಲ್ಲಿ ಮುಕ್ಕಾಲು ಗಂಟೆ ನಿಂತೆವು. ಕೊನೆಗೆ ಒಂದು ಜೀಪ್ ನಿಂತಿತು. "ಇವತ್ತು ರಜೆ ಅಲ್ವಾ ಅಕ್ಕಾ, ಫೋಟೋ ಬಂದಿದ್ಯಲ್ಲ, ನೋಡ್ಲಿಲ್ವಾ?" ಅಂದರು ಡ್ರೈವರ್.

ನೋಡಿದ್ದೆ. ಓದಲಿಕ್ಕೆ ಆಗಿರಲಿಲ್ಲ.

ನನ್ನ ಕಣ್ಣಿನ ಬಗ್ಗೆ ಸ್ವಲ್ಪ ಹೇಳಬೇಕು. ನನಗೆ ಸ್ಟಾರ್ಗಾರ್ಟ್ ಎಂಬ ಕಾಯಿಲೆ. ವಂಶವಾಹಿಯಲ್ಲೇ ಬರುವಂಥದ್ದು. ಗೊತ್ತಾಗಿದ್ದು ಮಾತ್ರ ಒಂಬತ್ತನೇ ತರಗತಿಯಲ್ಲಿ, ಕರಿಹಲಗೆಯ ಮೇಲೆ ನೋಡಿದ ಅಕ್ಷರವೇ ಕಾಣೆಯಾಗತೊಡಗಿದಾಗ. ಕಣ್ಣಿನ ಒಳಪದರವಾದ ರೆಟಿನಾದ ನಡುವೆ ಮ್ಯಾಕ್ಯುಲಾ ಎಂಬ ಚಿಕ್ಕ ಜಾಗ ಇದೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರ ಕೆಲಸ. ನನಗೆ ಹಾಳಾಗಿರುವುದು ಆ ಜಾಗ. ಕನ್ನಡಕ ಹಾಕಿದರೆ ಸರಿಹೋಗುವಂಥದ್ದಲ್ಲ. ಸುತ್ತಲಿನ ನೋಟ ಚೆನ್ನಾಗಿಯೇ ಇದೆ. ಕೋಲಿಲ್ಲದೆ ನಡೆಯುತ್ತೇನೆ, ತೋಟಕ್ಕೆ ಹೋಗುತ್ತೇನೆ, ಬಿದ್ದ ಅಡಿಕೆ ಹೆಕ್ಕುತ್ತೇನೆ. ಎದುರು ನಿಂತವರ ಮುಖ ಮಾತ್ರ ಕಾಣುವುದಿಲ್ಲ. ಅವರ ಪಕ್ಕದ ಮರ ಕಾಣುತ್ತದೆ. ಮದುವೆ ಮನೆಯಲ್ಲಿ ನೋಡಿಯೂ ಮಾತಾಡಿಸಲಿಲ್ಲ, ಜಂಬ ಅವಳಿಗೆ ಅಂತ ಎಷ್ಟು ಸಲ ಅನ್ನಿಸಿಕೊಂಡಿದ್ದೇನೋ.

ನಮ್ಮ ಮಾವನವರದ್ದು ಇದಕ್ಕೆ ಪೂರ್ತಿ ಉಲ್ಟಾ. ಮೂರು ವರ್ಷದ ಹಿಂದೆ ತೀರಿಕೊಂಡರು. ಅವರಿಗೆ ಗ್ಲಾಕೋಮಾ ಇತ್ತು. ಬದಿಯ ನೋಟ ಹೋಗಿ ನಡುವೆ ಒಂದು ಕಿಂಡಿಯಷ್ಟು ಉಳಿದಿತ್ತು. ಆ ಕಿಂಡಿಯಲ್ಲಿ ಪೇಪರ್‌ನ ಸಣ್ಣ ಅಕ್ಷರವನ್ನೂ ಓದುತ್ತಿದ್ದರು, ಆದರೆ ಅಂಗಳದ ಮೆಟ್ಟಿಲು ಎಡವುತ್ತಿದ್ದರು. ಬೆಳಿಗ್ಗೆ ಅವರು ನನಗೆ ಪೇಪರ್ ಓದಿ ಹೇಳುತ್ತಿದ್ದರು. ಸಂಜೆ ಸಂಕ ದಾಟುವಾಗ ನಾನು ಅವರ ಕೈ ಹಿಡಿಯುತ್ತಿದ್ದೆ. ನನಗೆ ನಡು ಇಲ್ಲ, ಅವರಿಗೆ ಬದಿ ಇಲ್ಲ. ಇಬ್ಬರೂ ಸೇರಿ ಒಂದು ಜೊತೆ ಕಣ್ಣಾಗಿ ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಇದ್ದೆವು.

ಇಬ್ಬರನ್ನೂ ಕಾನೂನು ಒಂದೇ ಹೆಸರಿನಿಂದ ಕರೆಯುತ್ತದೆ, ಮಂದದೃಷ್ಟಿ ಅಂತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಲೆಕ್ಕ ಹೀಗಿದೆ: ಕನ್ನಡಕ ಹಾಕಿದ ಮೇಲೂ, ಎರಡರಲ್ಲಿ ಒಳ್ಳೆಯದಾದ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆ ಇರಬೇಕು, 3/60ರವರೆಗೆ. ಅಂದರೆ ಬೇರೆಯವರು 18 ಮೀಟರ್ ದೂರದಿಂದ ಓದುವುದನ್ನು ಓದಲು ನಾವು 6 ಮೀಟರ್‌ಗಿಂತಲೂ ಹತ್ತಿರ ಹೋಗಬೇಕು. ಇಲ್ಲವೇ ನೋಟದ ಹರವು 40 ಡಿಗ್ರಿಗಿಂತ ಕಡಿಮೆ ಇರಬೇಕು, 10 ಡಿಗ್ರಿಯವರೆಗೆ. ಪೂರ್ತಿ ಕಾಣದವರಿಗೂ ಪೂರ್ತಿ ಕಾಣುವವರಿಗೂ ನಡುವೆ ನಮ್ಮಂಥವರು ಇದ್ದೇವೆ. ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾದವರು, ವಯಸ್ಸಾಗಿ ಮ್ಯಾಕ್ಯುಲಾ ಸವೆದವರು, ಎಲ್ಲರೂ. ಕೈಯಲ್ಲಿ ಬಿಳಿಕೋಲು ಇಲ್ಲದ್ದರಿಂದ ನಾವು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಫೋನಿನ ವಿಷಯ. ಇಪ್ಪತ್ತು ವರ್ಷದ ಹಿಂದೆ ನನಗೆ ಇದ್ದದ್ದು ಒಂದು ಭೂತಗನ್ನಡಿ, ಒಂದು ದಪ್ಪ ಸ್ಕೆಚ್ ಪೆನ್. ಜೊತೆಗೆ ಕರಿ ರಟ್ಟಿನಲ್ಲಿ ಉದ್ದಕ್ಕೆ ಒಂದು ಸೀಳು ಕತ್ತರಿಸಿ ನಾನೇ ಮಾಡಿಕೊಂಡ ಒಂದು ಪಟ್ಟಿ. ಅದನ್ನು ಪುಟದ ಮೇಲಿಟ್ಟರೆ ಒಂದೇ ಸಾಲು ಕಾಣುತ್ತದೆ, ಉಳಿದ ಬಿಳಿ ಕಣ್ಣಿಗೆ ಕುಕ್ಕುವುದಿಲ್ಲ. ಬಿ.ಕಾಂ. ಮುಗಿಸಿದ್ದು ಅದರಲ್ಲೇ. ಆ ಪಟ್ಟಿ ಈಗಲೂ ನನ್ನ ಚೀಲದಲ್ಲಿದೆ. ಆದರೆ ಇವತ್ತು ಅಗ್ಗದ ಆಂಡ್ರಾಯ್ಡ್ ಫೋನಿನಲ್ಲೂ ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿ ಅಂತ ಒಂದು ಜಾಗ ಇದೆ. ಮೂರು ಸಲ ತಟ್ಟಿದರೆ ಪರದೆ ಹಿಗ್ಗುವ ಹಾಗೆ ಅಲ್ಲಿ ಮಾಡಿಕೊಳ್ಳಬಹುದು. ಬಿಳಿ ಹಾಳೆಯನ್ನು ಕಪ್ಪು ಮಾಡಿ, ಕಪ್ಪು ಅಕ್ಷರವನ್ನು ಬಿಳಿ ಮಾಡಬಹುದು. ಟಾಕ್‌ಬ್ಯಾಕ್ ಹಾಕಿಕೊಂಡರೆ ಬೆರಳಿಟ್ಟಲ್ಲಿ ಏನಿದೆ ಅಂತ ಅದೇ ಹೇಳುತ್ತದೆ. ಐಫೋನಿನಲ್ಲಿ ಅದರ ಹೆಸರು ವಾಯ್ಸ್‌ಓವರ್. ಕನ್ನಡದ ಧ್ವನಿಯನ್ನು ಒಮ್ಮೆ ಇಳಿಸಿಟ್ಟುಕೊಂಡರೆ ಆಮೇಲೆ ನೆಟ್ ಬೇಡ. ಮಳೆಗಾಲದ ಮಲೆನಾಡಿನಲ್ಲಿ ಇದು ಎಷ್ಟು ದೊಡ್ಡ ವಿಷಯ ಅಂತ ನಿಮಗೇ ಗೊತ್ತು. ಕಂಪ್ಯೂಟರಿಗೆ ಎನ್‌ವಿಡಿಎ ಇದೆ. ಆಸ್ಟ್ರೇಲಿಯಾದ ಮೈಕಲ್ ಕರನ್, ಸ್ವತಃ ಕಣ್ಣು ಕಾಣದವರು, 2006ರಲ್ಲಿ ಶುರು ಮಾಡಿದ, ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಒಂದು ರೂಪಾಯಿ ಕೊಡಬೇಕಾಗಿಲ್ಲ.

ನಮಗಾಗಿ ಮಾಡದ ವಸ್ತುಗಳೂ ನಮ್ಮ ಕೈ ಹಿಡಿದಿವೆ. ಅಂಗಡಿಯ ಮೇಜಿನ ಮೇಲಿನ ಸೌಂಡ್‌ಬಾಕ್ಸ್ ಅಂಗಡಿಯವರಿಗೆ ದುಡ್ಡು ಬಂದದ್ದು ತಿಳಿಯಲಿ ಅಂತ ಮಾಡಿದ್ದು. ಐವತ್ತರ ಬದಲು ಐನೂರು ಒತ್ತಿಲ್ಲ ತಾನೇ ಅಂತ ನನಗೆ ಧೈರ್ಯ ಕೊಡುವುದೂ ಅದೇ. ನೋಟಿಗಿಂತ ನನಗೆ ಅದರ ಮೇಲೆಯೇ ಭರವಸೆ ಜಾಸ್ತಿ. ಹೊಸ 200ರ ನೋಟಿಗೂ 500ರ ನೋಟಿಗೂ ಉದ್ದದಲ್ಲಿ ಇರುವ ವ್ಯತ್ಯಾಸ 4 ಮಿಲಿಮೀಟರ್. ಅಂಚಿನ ಉಬ್ಬು ಗೆರೆಗಳು ನಮ್ಮ ಕಡೆಯ ಥಂಡಿಗೆ, ಕೈಯಿಂದ ಕೈಗೆ ಓಡಾಡಿ, ಬೇಗ ಚಪ್ಪಟೆಯಾಗುತ್ತವೆ. ನೋಟನ್ನು ಗುರುತಿಸಿ ಹೇಳಲು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ 'ಮಣಿ' ಎಂಬ ಆಪ್ ತಂದಿತು. ಅದು ನೆಟ್ ಇಲ್ಲದೆಯೂ ನಡೆಯುತ್ತದೆ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಹಾಕಿಕೊಡಿ.

ಹಾಗಾದರೆ ನಿಮ್ಮಿಂದ ಏನು ಬೇಕು? ನಮ್ಮ ಫೋನ್ ಓದಬಲ್ಲಂಥ ಅಕ್ಷರ ಬೇಕು. ಇಷ್ಟೇ ನನ್ನ ಮಾತು.

ಆ ಜುಲೈ ಆದೇಶವನ್ನು ಯಾರೋ ಒಬ್ಬರು ಯಾವುದೋ ಕಂಪ್ಯೂಟರಿನಲ್ಲಿ ಟೈಪ್ ಮಾಡಿಯೇ ಮಾಡಿದ್ದರು, ಅಲ್ವಾ? ಆಗ ಅದು ನಿಜವಾದ ಅಕ್ಷರವಾಗಿತ್ತು. ಆಮೇಲೆ ಪ್ರಿಂಟ್ ಆಯಿತು, ಸಹಿ ಬಿತ್ತು, ಸೀಲ್ ಬಿತ್ತು, ಯಾರೋ ಫೋಟೋ ಹೊಡೆದರು, ಆ ಫೋಟೋ ಹತ್ತು ಗ್ರೂಪು ದಾಟಿ ನನ್ನ ಹತ್ತಿರ ಬಂತು. ದಾರಿಯಲ್ಲಿ ಅಕ್ಷರ ಹೋಗಿ ಬರೀ ಚಿತ್ರ ಉಳಿಯಿತು. "ತೀರ್ಥಹಳ್ಳಿ ತಾಲ್ಲೂಕಿನ ಎಲ್ಲ ಶಾಲೆಗಳಿಗೆ ಇಂದು ರಜೆ" ಅಂತ ಫೋಟೋದ ಕೆಳಗೆ ಯಾರಾದರೂ ಒಂದು ಸಾಲು ಹಾಕಿದ್ದರೆ ನನ್ನ ಫೋನ್ ಅದನ್ನು ಹೇಳುತ್ತಿತ್ತು. ನೆಟ್ ಇಲ್ಲದಿದ್ದರೂ ಹೇಳುತ್ತಿತ್ತು.

ಫೋಟೋ ಯಾಕೆ ಕಳಿಸುತ್ತಾರೆ ಅಂತ ನನಗೂ ಗೊತ್ತು. ಮಳೆಗಾಲ ಬಂತೆಂದರೆ ಸುಳ್ಳು ರಜೆ ಮೆಸೇಜುಗಳು ಓಡಾಡುತ್ತವೆ. ಸಹಿ, ಸೀಲ್ ಕಂಡರೆ ಜನ ನಂಬುತ್ತಾರೆ. ಅದು ನ್ಯಾಯವಾದ ಕಾರಣವೇ. ಫೋಟೋ ಬಿಡಿ ಅಂತ ನಾನು ಕೇಳುತ್ತಿಲ್ಲ. ಅದರ ಜೊತೆಗೇ ಟೈಪ್ ಮಾಡಿದ್ದನ್ನೂ ಹಾಕಿ ಅಂತ ಕೇಳುತ್ತಿದ್ದೇನೆ.

ರಜೆ ಒಂದೇ ಅಲ್ಲ. ದಿನಾ ಸಂಜೆ ಅಡಿಕೆ ಧಾರಣೆ ಬರುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು, ನಾಲ್ಕರ ರೇಟೂ ಒಂದು ಬಣ್ಣದ ಚಿತ್ರದ ಮೇಲೆ. ಹಿಂದೆ ಅಡಿಕೆ ಗೊನೆಯ ಹಸಿರು, ಅದರ ಮೇಲೆ ಹಳದಿ ಅಂಕಿ. ವರ್ಷದ ಬೆಳೆಯನ್ನು ಯಾವತ್ತು ಮಾರಬೇಕು ಅನ್ನುವುದು ಆ ಅಂಕಿಯ ಮೇಲೆ ನಿಂತಿದೆ, ಅದನ್ನು ನಾನು ಇನ್ನೊಬ್ಬರ ಹತ್ತಿರ ಓದಿಸಿಕೊಳ್ಳಬೇಕು. ಲಿಂಗನಮಕ್ಕಿಯ ನೀರು 1819 ಅಡಿಯ ಗಡಿಗೆ ಎಷ್ಟು ಹತ್ತಿರ ಬಂತು, ಗಾಜನೂರಿನಲ್ಲಿ ತುಂಗೆಗೆ ಎಷ್ಟು ನೀರು ಬಿಟ್ಟರು, ಇದೂ ಗ್ರೂಪಿಗೆ ಬರುವುದು ಚಿತ್ರದಲ್ಲೇ. ಮಂಗನ ಕಾಯಿಲೆಯ ಕರಪತ್ರವೂ ಹಾಗೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಕಾಯಿಲೆ ಅದು, ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಉಣುಗು ಕಚ್ಚದ ಹಾಗೆ ಏನು ಮಾಡಬೇಕು, ಸತ್ತ ಮಂಗ ಕಂಡರೆ ಯಾರಿಗೆ ಹೇಳಬೇಕು ಅನ್ನುವುದು ಮೊದಲು ತಿಳಿಯಬೇಕಾದ್ದು ದರಗು ಗುಡಿಸಲು ಕಾಡಿಗೆ ಹೋಗುವ ವಯಸ್ಸಾದವರಿಗೆ. ಅವರಲ್ಲಿ ಎಷ್ಟೋ ಜನರ ಕಣ್ಣಲ್ಲಿ ಪೊರೆ ಇದೆ, ಎಷ್ಟೋ ಜನರಿಗೆ ಓದು ಬರುವುದಿಲ್ಲ. ಅದೇ ವಿಷಯ ಅಕ್ಷರವಾಗಿ ಬಂದರೆ ಮೊಮ್ಮಗನ ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ. ಇದರ ಲಾಭ ನಮಗೊಬ್ಬರಿಗೇ ಅಂತ ಅಂದುಕೊಳ್ಳಬೇಡಿ.

ಕಚೇರಿಗಳಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ದಯವಿಟ್ಟು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇದೆ, ಫೋನು ಅದನ್ನು ಕನ್ನಡ ಅಂತಲೇ ಗುರುತಿಸುತ್ತದೆ. ಅದಕ್ಕೂ ಮುಂಚಿನ ಆಸ್ಕಿ ಫಾಂಟಿನಲ್ಲಿ ಮಾಡಿದ ಕಡತ ಪರದೆಯ ಮೇಲೆ ಚಂದದ ಕನ್ನಡವಾಗಿ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಅದರ ಒಳಗೆ ಒಂದು ಪಿ, ಒಂದು ಪೌಂಡ್ ಚಿಹ್ನೆ, ಒಂದು ಕ್ಯೂ, ನಡುನಡುವೆ ತಲೆಯ ಮೇಲೆ ಗೆರೆ ಹೊತ್ತ ಎ ಕೂತಿರುತ್ತವೆ. ನಮ್ಮ ಫೋನು ಅದನ್ನೇ ಓದುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದೇ ಕಷ್ಟವಾಗಿದ್ದ ಕಾಲದಲ್ಲಿ ಆ ಫಾಂಟುಗಳು ದೊಡ್ಡ ಉಪಕಾರ ಮಾಡಿವೆ, ಅದನ್ನು ಮರೆಯುವಂತಿಲ್ಲ. ಆದರೆ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಈಗ ನುಡಿಯಲ್ಲೇ ಯೂನಿಕೋಡ್ ಬರೆಯಬಹುದು. ಕೀಲಿಮಣೆ ಅದೇ, ಬೆರಳಿನ ರೂಢಿ ಅದೇ. ಒಂದು ಆಯ್ಕೆ ಬದಲಿಸಿದರೆ ಸಾಕು.

ಕಾಗದದ ಮೇಲೆ ಅಚ್ಚು ಹಾಕುವಾಗ ಕನ್ನಡದ ಗುಣ ನೆನಪಿಡಿ. ದ ಮತ್ತು ಧ, ಇವೆರಡನ್ನು ಬೇರೆ ಮಾಡುವುದು ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ಪ ಮತ್ತು ಷ, ಒಳಗಿನ ಒಂದು ಸಣ್ಣ ಗೆರೆ. ಒತ್ತಕ್ಷರ ಅಂತೂ ಮೇಲಿನ ಅಕ್ಷರದ ಅರ್ಧದಷ್ಟೂ ಇರುವುದಿಲ್ಲ. ಇಂಗ್ಲಿಷ್ ಫಾರಮ್ಮಿನ ಅಳತೆಯನ್ನೇ ಕನ್ನಡಕ್ಕೂ ಇಟ್ಟರೆ ಒತ್ತು ಚುಕ್ಕಿಯಾಗುತ್ತದೆ. ಮಂದದೃಷ್ಟಿಯವರಿಗೆ ಅಚ್ಚು ಹಾಕುವಾಗ ಸಾಮಾನ್ಯವಾಗಿ 16ರಿಂದ 18 ಪಾಯಿಂಟ್ ಅಕ್ಷರ ಬಳಸುತ್ತಾರೆ. ಕನ್ನಡಕ್ಕೆ 18 ಇರಲಿ. ಬಣ್ಣದ ವಿಷಯ ಊಟದ ಎಲೆಯಲ್ಲೇ ಇದೆ. ಬಿಳಿ ತಟ್ಟೆಯಲ್ಲಿ ಅನ್ನ ಮಜ್ಜಿಗೆ ಬಡಿಸಿದರೆ ಎಲ್ಲಿ ಮುಗಿಯಿತು ಅಂತ ನನಗೆ ಗೊತ್ತಾಗುವುದಿಲ್ಲ. ಬಾಳೆ ಎಲೆಯಲ್ಲಿ ಒಂದು ಅಗುಳೂ ತಪ್ಪುವುದಿಲ್ಲ. ನಿಮ್ಮ ಬೋರ್ಡನ್ನೂ ಹಾಗೆ ಬರೆಸಿ.

ಬೋರ್ಡು ಅಂದ ಮೇಲೆ ಬಸ್ಸು. ಶಿವಮೊಗ್ಗದಲ್ಲಿ ಖಾಸಗಿ ಬಸ್ ನಿಲ್ದಾಣಕ್ಕೆ ಕಾಲಿಟ್ಟರೆ ನನಗೆ ದಾರಿ ತೋರಿಸುವುದು ಕಂಡಕ್ಟರ್, ಕ್ಲೀನರ್‌ಗಳ ಗಂಟಲು. "ತೀರ್ಥಳ್ಳಿ ತೀರ್ಥಳ್ಳಿ", "ಸಾಗ್ರ ಸಾಗ್ರ", "ಹೊಸ್ನಗ್ರ" ಅಂತ ಒಬ್ಬೊಬ್ಬರದು ಒಂದೊಂದು ರಾಗ. ಇಷ್ಟು ವರ್ಷದಲ್ಲಿ ಯಾವ ದನಿ ಯಾವ ಬಸ್ಸಿನದು ಅಂತ ನನಗೆ ಗುರುತಾಗಿದೆ. ಆ ಕೂಗನ್ನು ಯಾರೂ ನಿಲ್ಲಿಸಬಾರದು. ಅದಕ್ಕಿಂತ ಒಳ್ಳೆಯ ಸೌಲಭ್ಯ ನನಗೆ ಇನ್ನೂ ಸಿಕ್ಕಿಲ್ಲ. ಓಡುವ ಅಕ್ಷರದ ಎಲ್‌ಇಡಿ ಬೋರ್ಡು ನೋಡಲು ಚಂದ. ಆದರೆ ನಾನು ಕಣ್ಣನ್ನು ಓರೆ ಮಾಡಿ ಅಕ್ಷರ ಹಿಡಿಯುವ ಹೊತ್ತಿಗೆ ಅದು ಓಡಿಹೋಗಿರುತ್ತದೆ. ಊರಿನ ಹೆಸರು ನಿಂತಿರಲಿ. ಉಳಿದದ್ದು ಬೇಕಾದರೆ ಕೆಳಗೆ ಓಡಲಿ.

ಬ್ಯಾಂಕಿನ ವಿಷಯ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ಎರಡು ವರ್ಷದ ಹಿಂದೆ ಒಂದು ಬ್ಯಾಂಕಿನ ಶಾಖೆಯಲ್ಲಿ ಫಾರಂ ತುಂಬಬೇಕಿತ್ತು. ತಿಳಿ ಬೂದು ಬಣ್ಣದ ಚೌಕಗಳು, ಅದರೊಳಗೆ ಅಕ್ಷರ ಕೂರಿಸಬೇಕು. ಚೌಕವೇ ಕಾಣುತ್ತಿರಲಿಲ್ಲ. ನನ್ನ ಕರಿ ಪಟ್ಟಿ ತೆಗೆದು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿದೆ. ಹಿಂದೆ ಸಾಲು ಬೆಳೆಯಿತು. ಕೌಂಟರಿನವರು ಕೆಟ್ಟವರೇನಲ್ಲ. ಬೇಗ ಮುಗಿಯಲಿ ಅಂತ ಶಾಯಿ ಪ್ಯಾಡ್ ಮುಂದೆ ತಳ್ಳಿ, "ಸುಮ್ನೆ ಹೆಬ್ಬೆಟ್ಟು ಒತ್ತಿಬಿಡಿ ಅಮ್ಮಾ" ಅಂದರು. ನಾನು ಒತ್ತಲಿಲ್ಲ. ಸಹಿ ಹಾಕಿದೆ, ಗೆರೆ ಬಿಟ್ಟು ಕೆಳಗೆ ಹೋಯಿತು. ಮನೆಗೆ ಬಂದು ಎಷ್ಟೋ ಹೊತ್ತು ಯಾರ ಹತ್ತಿರವೂ ಮಾತಾಡಲಿಲ್ಲ.

ಆಮೇಲೆ ಹುಡುಕಿದಾಗ ಗೊತ್ತಾಯಿತು. ರಿಸರ್ವ್ ಬ್ಯಾಂಕ್ 2014ರ ಮೇ 21ರಂದು ಎಲ್ಲ ಬ್ಯಾಂಕುಗಳಿಗೂ ಒಂದು ಸುತ್ತೋಲೆ ಕಳಿಸಿದೆ. ಮಂದದೃಷ್ಟಿಯವರಿಗಾಗಿ ಪ್ರತಿ ಶಾಖೆಯಲ್ಲೂ ಭೂತಗನ್ನಡಿ ಇಡಬೇಕು, ಅದು ಇದೆ ಅಂತ ಎದ್ದು ಕಾಣುವ ಕಡೆ ಬೋರ್ಡು ಹಾಕಬೇಕು ಅಂತ. ಆ ವರ್ಷದ ಜುಲೈ 1ರಿಂದ ಹಾಕುವ ಹೊಸ ಎಟಿಎಂಗಳೆಲ್ಲ ಮಾತಾಡುವಂಥವು ಆಗಿರಬೇಕು ಅಂತಲೂ ಅದರಲ್ಲೇ ಇದೆ. ಮ್ಯಾನೇಜರ್‌ಗಳೇ, ನಾಳೆ ಬೆಳಿಗ್ಗೆ ನಿಮ್ಮ ಶಾಖೆಯಲ್ಲಿ ಆ ಗಾಜು ಎಲ್ಲಿದೆ ಅಂತ ಒಮ್ಮೆ ನೋಡಿ. ಡ್ರಾಯರಿನಲ್ಲಿದ್ದರೆ ಹೊರಗಿಡಿ. ಒಂದು ದಪ್ಪ ಕರಿ ಪೆನ್ನನ್ನೂ ಪಕ್ಕದಲ್ಲಿಡಿ.

ಕಾನೂನು ಹೇಳಿ ಯಾರನ್ನೂ ಹೆದರಿಸುವ ಉದ್ದೇಶ ನನಗಿಲ್ಲ. ಆದರೂ ಇದು ಬೇಡಿಕೊಳ್ಳಬೇಕಾದ ವಿಷಯವಲ್ಲ ಅನ್ನುವುದು ನಿಮಗೆ ತಿಳಿದಿರಲಿ. 2016ರ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಮುದ್ರಣದಲ್ಲಿ, ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಬರುವ ವಿಷಯ ನಮಗೂ ದಕ್ಕುವ ರೂಪದಲ್ಲಿ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು. ಡಿಜಿಟಲ್ ಸೌಲಭ್ಯ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಕಣ್ಣು ಮಿಟುಕಿಸಿ ಗುರುತು ತೋರಿಸುವ ಕೆವೈಸಿ ಆಗದೆ ಪರದಾಡಿದವರು ಹೋಗಿ ಕೇಳಿದ ಮೇಲೆ ಬಂದ ತೀರ್ಪು ಅದು.

ನಾನು ಒಂದು ಕೆಲಸ ಮಾಡಬಲ್ಲೆ. ಶಿವಮೊಗ್ಗವೋ ತೀರ್ಥಹಳ್ಳಿಯೋ, ಯಾವುದೇ ಕಚೇರಿ, ಬ್ಯಾಂಕು, ಸೊಸೈಟಿ ಕರೆದರೂ ಬರುತ್ತೇನೆ. ನೀವು ಕಳೆದ ವಾರ ಹಂಚಿದ ಯಾವುದಾದರೂ ಒಂದು ನೋಟೀಸನ್ನು ನನ್ನ ಫೋನಿಗೆ ಕಳಿಸಿ. ಟಾಕ್‌ಬ್ಯಾಕ್ ಅದನ್ನು ಹೇಗೆ ಓದುತ್ತದೆ ಅಂತ ನಿಮ್ಮ ಮೇಜಿನ ಮೇಲಿಟ್ಟು ಕೇಳಿಸುತ್ತೇನೆ. ಆಮೇಲೆ ಅದನ್ನೇ ಟೈಪ್ ಮಾಡಿ ಕಳಿಸಿ, ಎರಡನ್ನೂ ಕೇಳಿ. ಹತ್ತು ನಿಮಿಷ ಸಾಕು. ಬಸ್ ಚಾರ್ಜ್ ನನ್ನದೇ. ಜೂನ್ ಮಳೆ ಹಿಡಿಯುವುದರೊಳಗೆ ಕರೆದರೆ ಒಳ್ಳೆಯದು. ಮಗಳು ಈ ವರ್ಷ ಎರಡನೇ ತರಗತಿ.

ಇಂತಿ,
ನಿಮ್ಮ ಜಿಲ್ಲೆಯವಳು,
ತೀರ್ಥಹಳ್ಳಿ ತಾಲ್ಲೂಕು